ಸಾಂಕ್ರಾಮಿಕದ ಕಾಲದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಮನೋವೈದ್ಯಕೀಯ ಕಲಿಸುವ ಬಗೆ: ಧಾರವಾಡ ಸೀಮೆಯ ಅಧ್ಯಾಪಕರಿಗೊಂದು ಸಮಗ್ರ ಮಾರ್ಗದರ್ಶಿ

2020ರ ಮಾರ್ಚ್ 25ರಂದು ಕೋವಿಡ್‌ನಿಂದಾಗಿ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ವೈದ್ಯಕೀಯ ಕಾಲೇಜುಗಳ ಹಾಸ್ಟೆಲುಗಳು ಖಾಲಿಯಾದವು, ಬಸ್ಸುಗಳು ನಿಂತವು, ಗದಗ ಮತ್ತು ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದ ತಿಂಗಳಿಗೊಮ್ಮೆ ಗುಳಿಗೆ ಒಯ್ಯಲು ಹುಬ್ಬಳ್ಳಿ-ಧಾರವಾಡಕ್ಕೆ ಬರುತ್ತಿದ್ದ ರೋಗಿಗಳು ತಮ್ಮ ಊರಿನಲ್ಲೇ ಉಳಿದರು. ಉಪನ್ಯಾಸಗಳನ್ನು ಕಂಪ್ಯೂಟರಿನ ಪರದೆಗೆ ಸಾಗಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಆದರೆ ಮನೋವೈದ್ಯಕೀಯದಲ್ಲಿ ಮಾತುಕತೆಯೇ ಸ್ಟೆತಸ್ಕೋಪು. ರೋಗಿಯ ಎದುರಿಗೆ ಕುಳಿತು, ಅವನು ಹೇಳಿದ್ದನ್ನೂ ಹೇಳದೆ ಉಳಿಸಿಕೊಂಡದ್ದನ್ನೂ ಕೇಳಿಸಿಕೊಳ್ಳಲು ಕಲಿಯದ ವಿದ್ಯಾರ್ಥಿಗೆ ಎಷ್ಟು ಸ್ಲೈಡುಗಳನ್ನು ತೋರಿಸಿದರೂ ಅವನು ಈ ವಿಷಯವನ್ನು ಕಲಿತಂತಾಗುವುದಿಲ್ಲ.

1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಗಿ ಇಂದು ಡಿಮ್ಹಾನ್ಸ್ ಎಂದು ಕರೆಸಿಕೊಳ್ಳುವ ಮಾನಸಿಕ ಆರೋಗ್ಯ ಸಂಸ್ಥೆಯಿರುವ ಧಾರವಾಡದಲ್ಲಿ, 1957ರಿಂದ ವೈದ್ಯಕೀಯ ಕಾಲೇಜು ನಡೆದುಬಂದಿರುವ ಹುಬ್ಬಳ್ಳಿಯಲ್ಲಿ, ಈ ವಿಷಯದ ಕಲಿಕೆ ಎಂದೂ ವಾರ್ಡು ಮತ್ತು ಒಪಿಡಿಗಳಿಗೆ ಅಂಟಿಕೊಂಡೇ ಇದೆ. ಆ ಬಾಗಿಲುಗಳು ಮುಚ್ಚಿದಾಗ ಏನು ಮಾಡಬೇಕು ಎಂಬುದನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ. ಇದರಲ್ಲಿ ನನ್ನ ಮುಖ್ಯ ಸಲಹೆ ಒಂದೇ: ವಾರ್ಡಿನಲ್ಲಿ ಹತ್ತು ರೋಗಿಗಳನ್ನು ತೋರಿಸಲಾಗದಿದ್ದರೆ, ಪ್ರತಿ ವಿದ್ಯಾರ್ಥಿಯೂ ಒಬ್ಬ ರೋಗಿಯನ್ನು ಆರು ವಾರ ಬಿಡದೆ ಅನುಸರಿಸುವಂತೆ ಮಾಡಿ. ಉಳಿದ ಹಂತಗಳೆಲ್ಲ ಇದರ ಸುತ್ತ ನಿಲ್ಲುತ್ತವೆ.

ಹಂತ 1: ಬಿಡಲಾಗದ್ದು ಯಾವುದೆಂದು ಮೊದಲು ನಿರ್ಧರಿಸಿ

ಪದವಿ ಹಂತದ ವಿದ್ಯಾರ್ಥಿಗೆ ಮನೋವೈದ್ಯಕೀಯದ ಪೋಸ್ಟಿಂಗ್ (ವಿಭಾಗದಲ್ಲಿದ್ದು ಕಲಿಯುವ ಅವಧಿ) ಸಿಗುವುದೇ ಕೆಲವು ವಾರ. ಅದರಲ್ಲಿ ಅರ್ಧ ಕಳೆದುಹೋದರೆ ಪಠ್ಯಕ್ರಮದ ಎಲ್ಲವನ್ನೂ ಅವಸರದಲ್ಲಿ ಮುಗಿಸಲು ಹೋಗಬಾರದು. ವಿಭಾಗದ ಅಧ್ಯಾಪಕರು ಒಂದು ಮಧ್ಯಾಹ್ನ ಕುಳಿತು, ನಾಳೆ ಈ ವಿದ್ಯಾರ್ಥಿ ರೋಣ ಅಥವಾ ಹಿರೇಕೆರೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬನೇ ಇರುವಾಗ ಯಾವುದು ಗೊತ್ತಿಲ್ಲದಿದ್ದರೆ ರೋಗಿಯ ಜೀವಕ್ಕೆ ಕುತ್ತು ಬರುತ್ತದೆ ಎಂದು ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಂಡಾಗ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ: ಹಿಸ್ಟರಿ ತೆಗೆಯುವುದು, ಮಾನಸಿಕ ಸ್ಥಿತಿಯ ಪರೀಕ್ಷೆ, ಆತ್ಮಹತ್ಯೆಯ ಅಪಾಯವನ್ನು ನೇರವಾಗಿ ಕೇಳಿ ಅಳೆಯುವುದು, ಸನ್ನಿಯನ್ನು (ಡೆಲಿರಿಯಂ, ದೇಹದ ತೊಂದರೆಯಿಂದ ಒಮ್ಮೆಲೇ ಬರುವ ಗೊಂದಲ) ಗುರುತಿಸುವುದು, ಕುಡಿತ ಬಿಟ್ಟಾಗಿನ ತೊಂದರೆಯನ್ನು ನಿಭಾಯಿಸುವುದು, ಖಿನ್ನತೆ ಮತ್ತು ಆತಂಕದ ಪ್ರಾಥಮಿಕ ಚಿಕಿತ್ಸೆ, ಮತ್ತು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿಗಿರುವ ಹಕ್ಕುಗಳ ಅರಿವು. ಅಪರೂಪದ ಕಾಯಿಲೆಗಳ ವರ್ಗೀಕರಣ, ಮನೋವಿಶ್ಲೇಷಣೆಯ ಇತಿಹಾಸ ಮುಂತಾದವನ್ನು ಓದಿಕೊಳ್ಳಲು ಬಿಡಬಹುದು.

ವೈದ್ಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಕಲಿಕೆಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದ್ದರು: ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾಗಿ ಮಾಡುವುದು. ಆನ್‌ಲೈನ್ ಪಾಠ ಮೊದಲೆರಡು ಮೆಟ್ಟಿಲುಗಳವರೆಗೆ ಮಾತ್ರ ಒಯ್ಯುತ್ತದೆ. ಆದ್ದರಿಂದ ಶಿಕ್ಷಕರ ಶ್ರಮದ ದೊಡ್ಡ ಪಾಲು ಮೇಲಿನೆರಡು ಮೆಟ್ಟಿಲುಗಳಿಗೆ ಸಲ್ಲಬೇಕು.

ಹಂತ 2: ಒಬ್ಬ ವಿದ್ಯಾರ್ಥಿ, ಒಬ್ಬ ರೋಗಿ, ಆರು ವಾರ

ಎರಡು ವಾರದ ಪೋಸ್ಟಿಂಗಿನಲ್ಲಿ ವಿದ್ಯಾರ್ಥಿ ನೋಡುವುದು ಕಾಯಿಲೆಯ ಒಂದು ಚಿತ್ರವನ್ನು ಮಾತ್ರ. ಖಿನ್ನತೆಯ ಗುಳಿಗೆ ಶುರುವಾದ ನಾಲ್ಕನೆಯ ದಿನ ರೋಗಿಯು ಏಕೆ ಅದನ್ನು ಬಿಡಲು ನೋಡುತ್ತಾನೆ, ಎರಡರಿಂದ ನಾಲ್ಕು ವಾರ ಕಳೆದ ಮೇಲೆ ನಿದ್ದೆ, ಹಸಿವು, ಮಾತು ಯಾವ ಕ್ರಮದಲ್ಲಿ ಮರಳುತ್ತವೆ, ಗುಣ ಕಂಡೊಡನೆ ಮನೆಯವರು 'ಇನ್ನೇನು ಸಾಕು' ಎಂದು ಏಕೆ ನಿಲ್ಲಿಸುತ್ತಾರೆ ಎಂಬುದನ್ನು ಅವನು ಕಾಣುವುದಿಲ್ಲ. ದೂರವಾಣಿಯ ಮೂಲಕ ಆರು ವಾರ ಅನುಸರಿಸುವ ವಿದ್ಯಾರ್ಥಿ ಇದನ್ನೆಲ್ಲ ಕಾಣುತ್ತಾನೆ. ಸಾಂಕ್ರಾಮಿಕವು ನಮ್ಮ ಕಲಿಕೆಯಿಂದ ಕಸಿದುಕೊಂಡದ್ದು ಬಹಳವಿದೆಯಾದರೂ, ಕಾಯಿಲೆಯ ನಡೆಯನ್ನು ಕಾಲದುದ್ದಕ್ಕೂ ನೋಡುವ ಈ ಅವಕಾಶವನ್ನು ಅದು ನಮ್ಮ ಮುಂದಿಟ್ಟಿತು. ಅದನ್ನು ಬಳಸಿಕೊಳ್ಳುವ ಕ್ರಮ ಹೀಗಿರಲಿ.

ಮೊದಲಿಗೆ ರೋಗಿಯ ಆಯ್ಕೆ. ಸ್ಥಿರವಾಗಿರುವ, ಆಸ್ಪತ್ರೆಗೆ ಬರಲು ದೂರವಾಗುವ, ಫೋನಿನಲ್ಲಿ ಮಾತನಾಡಲು ಮನಸ್ಸಿರುವ ರೋಗಿಗಳನ್ನು ಹಿರಿಯ ವೈದ್ಯರೇ ಆರಿಸಬೇಕು. ಇತ್ತೀಚೆಗೆ ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು, ತೀವ್ರ ಉನ್ಮಾದದಲ್ಲಿರುವವರನ್ನು, ಮನೆಯಲ್ಲಿ ಹಿಂಸೆಗೆ ಒಳಗಾಗಿರುವ ಅನುಮಾನವಿರುವವರನ್ನು ವಿದ್ಯಾರ್ಥಿಯ ಕೈಗೆ ಕೊಡಬಾರದು.

ಎರಡನೆಯದು ಒಪ್ಪಿಗೆ. 2020ರ ಮಾರ್ಚಿನಲ್ಲಿ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಗಳ ಪ್ರಕಾರ ರೋಗಿಯೇ ಕರೆ ಮಾಡಿದರೆ ಒಪ್ಪಿಗೆ ಇದೆಯೆಂದು ಭಾವಿಸಬಹುದು. ಆದರೆ ಆಸ್ಪತ್ರೆಯ ಕಡೆಯಿಂದ ಕರೆ ಹೋದಾಗ ಸ್ಪಷ್ಟ ಒಪ್ಪಿಗೆಯನ್ನು ಪಡೆದು ದಾಖಲಿಸಬೇಕು. ನಾವು ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು: ಮಾತನಾಡುವವರು ಇನ್ನೂ ಕಲಿಯುತ್ತಿರುವ ವಿದ್ಯಾರ್ಥಿ, ಇವರು ಹೇಳಿದ್ದನ್ನು ವೈದ್ಯರು ಕೇಳುತ್ತಾರೆ, ಬೇಡವೆಂದರೆ ಚಿಕಿತ್ಸೆಗೇನೂ ಕೊರತೆಯಾಗುವುದಿಲ್ಲ ಎಂಬ ಮೂರು ಮಾತುಗಳನ್ನು ಚಿಕಿತ್ಸೆ ನೀಡುವ ವೈದ್ಯರೇ ರೋಗಿಗೆ ಅವರ ಭಾಷೆಯಲ್ಲಿ ತಿಳಿಸಿ, ಕೇಸ್ ಶೀಟಿನಲ್ಲಿ ಬರೆದಿಡಬೇಕು.

ಮೂರನೆಯದು ಫೋನು. ವಿದ್ಯಾರ್ಥಿಯ ಸ್ವಂತ ನಂಬರಿನಿಂದ ಕರೆ ಹೋಗುವುದು ಇಬ್ಬರಿಗೂ ಒಳ್ಳೆಯದಲ್ಲ. ವಿಭಾಗದ ಒಂದು ಸಿಮ್‌ನಿಂದ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಅಥವಾ ಸಹಾಯಕ ಪ್ರಾಧ್ಯಾಪಕರು ಕರೆ ಮಾಡಿ, ವಿದ್ಯಾರ್ಥಿಯನ್ನು ಕಾನ್ಫರೆನ್ಸ್ ಕರೆಯಲ್ಲಿ ಸೇರಿಸಿಕೊಂಡು, ತಾವು ಸುಮ್ಮನೆ ಕೇಳುತ್ತ ಇರಬೇಕು. ಇದಕ್ಕೆ ಸಾದಾ ಫೋನೂ ಸಾಕು. ಸವಣೂರಿನ ಅಥವಾ ಮುಂಡರಗಿಯ ಹಳ್ಳಿಯೊಂದರಲ್ಲಿ ವೀಡಿಯೊ ಕರೆ ಮಧ್ಯೆ ಮಧ್ಯೆ ತುಂಡಾದರೆ ರೋಗಿಯ ಮಾತಿನ ಓಟವೇ ತಪ್ಪಿಹೋಗುತ್ತದೆ.

ನಾಲ್ಕನೆಯದಾದ ಗುಟ್ಟು ಕಾಪಾಡುವ ವಿಷಯವನ್ನು ನಾನು ತಪ್ಪು ಮಾಡಿಯೇ ಕಲಿತೆ. ನನ್ನ ಮೇಲ್ವಿಚಾರಣೆಯಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಒಬ್ಬ ಸೊಸೆಯೊಂದಿಗೆ ಮಾತನಾಡುತ್ತ, ಮನೆಯಲ್ಲಿ ಯಾರ ಬಗ್ಗೆ ಬೇಸರವಿದೆ ಎಂದು ಕೇಳಿದಳು. ಆ ಫೋನು ಅತ್ತೆಯದಾಗಿತ್ತು, ಸ್ಪೀಕರ್ ಹಾಕಿತ್ತು, ಅತ್ತೆ ಪಕ್ಕದಲ್ಲೇ ಕುಳಿತಿದ್ದರು. ಆ ಹೆಣ್ಣುಮಗಳು ನಂತರ ಎರಡು ವಾರ ಕರೆಗೆ ಸಿಗಲಿಲ್ಲ. ಮೊದಲೇ ಎಚ್ಚರಿಸದಿದ್ದ ತಪ್ಪು ನನ್ನದು. ಅಂದಿನಿಂದ ಪ್ರತಿ ಕರೆಯ ಮೊದಲ ಪ್ರಶ್ನೆಗಳು ನಿಗದಿಯಾದವು: "ಈಗ ಮಾತಾಡ್ಲಿಕ್ಕೆ ಪುರಸೊತ್ತೈತೇನ್ರಿ? ಸ್ಪೀಕರ್ ಹಾಕೀರೇನ್ರಿ? ಬಾಜೂಕ ಯಾರರ ಅದಾರೇನ್ರಿ?" ಹೌದು-ಅಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳಿವು, ಪಕ್ಕದವರಿಗೆ ಏನೂ ತಿಳಿಯುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ರೋಗಿಯ ಮಾಹಿತಿಯನ್ನು ಗೌಪ್ಯವಾಗಿಡುವುದನ್ನು ಅವರ ಹಕ್ಕೆಂದು ಹೇಳುತ್ತದೆ. ಅದರ ಅರ್ಥ ಇಂಥ ಒಂದು ಕರೆಯಲ್ಲಿ ತಿಳಿಯುವಷ್ಟು ಓದಿನಲ್ಲಿ ತಿಳಿಯುವುದಿಲ್ಲ.

ಐದನೆಯದಾಗಿ, ಗೆರೆ ಎಲ್ಲಿದೆಯೆಂದು ತಿಳಿಸಿ. ವಿದ್ಯಾರ್ಥಿ ಔಷಧಿ ಹೇಳಬಾರದು, ಪ್ರಮಾಣ ಬದಲಿಸಬಾರದು, "ಏನೂ ಆಗಂಗಿಲ್ರಿ" ಎಂದು ಭರವಸೆ ಕೊಡಬಾರದು. ಜೀವ ಬೇಡವೆಂಬ ಮಾತು, ಊಟ-ನೀರು ಬಿಟ್ಟಿರುವುದು, ಹೊಸದಾಗಿ ಕಾಣಿಸಿಕೊಂಡ ಗೊಂದಲ, ಜ್ವರ, ಹಿಂಸೆಯ ಸುಳಿವು ಇವುಗಳಲ್ಲಿ ಯಾವುದು ಕೇಳಿಬಂದರೂ ಅದೇ ಕರೆಯಲ್ಲಿ ಹಿರಿಯರು ಮಾತು ತೆಗೆದುಕೊಳ್ಳಬೇಕು.

ವಾರಕ್ಕೊಂದು ಕರೆ, ಇಪ್ಪತ್ತು ನಿಮಿಷ, ಕರೆಯಾದ ದಿನವೇ ಒಂದು ಪುಟದ ಬರಹ. ಆ ಪುಟದಲ್ಲಿ ರೋಗಿಯ ಹೆಸರು, ಊರು ಇರಬಾರದು. ಆರು ಪುಟಗಳನ್ನು ಒಟ್ಟಿಗಿಟ್ಟು ಓದಿದಾಗ ವಿದ್ಯಾರ್ಥಿಯ ಕಿವಿ ಹೇಗೆ ಹದಗೊಂಡಿತೆಂದು ಶಿಕ್ಷಕರಿಗೆ ಕಾಣುತ್ತದೆ.

ಹಂತ 3: ಈ ಸೀಮೆಯ ಮಾತನ್ನು ಕಲಿಸಿ

ನಮ್ಮ ಕಾಲೇಜುಗಳಲ್ಲಿ ಬೆಂಗಳೂರು, ಮಂಗಳೂರಿನವರೂ ಹೊರರಾಜ್ಯಗಳವರೂ ಓದುತ್ತಾರೆ. ವಾರ್ಡಿನಲ್ಲಿ ಮುಖ, ಕೈಸನ್ನೆ, ಪಕ್ಕದ ನರ್ಸ್ ಇವರೆಲ್ಲ ಅರ್ಥ ಬಿಡಿಸಿ ಹೇಳುತ್ತಿದ್ದರು. ಫೋನಿನಲ್ಲಿ ಬರಿಯ ಮಾತು ಉಳಿಯುತ್ತದೆ. ಆದ್ದರಿಂದ ಕರೆಗಳು ಆರಂಭವಾಗುವ ಮೊದಲು ಮೂರು ತರಗತಿಗಳನ್ನು ಇದಕ್ಕೇ ಮೀಸಲಿಡಿ.

"ಜೀವಕ್ಕ ಸಮಾಧಾನ ಇಲ್ರಿ", "ಎದಿ ಧಸಕ್ ಅಂತೈತ್ರಿ", "ನಿದ್ದಿ ಹತ್ತವಲ್ದು", "ತಲಿ ಝುಂ ಅಂತೈತಿ" ಎಂಬ ಮಾತುಗಳನ್ನು ದೇಹದ ದೂರುಗಳೆಂದು ಬದಿಗಿಡದೆ, ಅವುಗಳ ಹಿಂದೆ ಆತಂಕವೋ ಖಿನ್ನತೆಯೋ ಇರಬಹುದೆಂದು ಮುಂದಿನ ಪ್ರಶ್ನೆ ಕೇಳಲು ಕಲಿಸಬೇಕು. "ಮೈಮ್ಯಾಲೆ ಬರ್ತೈತಿ", "ಗಾಳಿ ಸೋಕೇತಿ" ಎಂದಾಗ ಅದನ್ನು ಅಲ್ಲಗಳೆಯದೆ, ಯಾವಾಗ ಬರುತ್ತದೆ, ಬಂದಾಗ ಎಚ್ಚರವಿರುತ್ತದೆಯೇ, ಬಂದುಹೋದ ಮೇಲೆ ನೆನಪಿರುತ್ತದೆಯೇ ಎಂದು ಕೇಳಿದರೆ ರೋಗಿ ಮನಬಿಚ್ಚಿ ಮಾತನಾಡುತ್ತಾರೆ.

ಒಂದು ಪದವನ್ನಂತೂ ಮರೆಯದೆ ಹೇಳಿಕೊಡಿ. ಬೆಂಗಳೂರಿನ ಹುಡುಗನಿಗೆ 'ಎಣ್ಣೆ ಹೊಡೆದ' ಎಂದರೆ ಮದ್ಯ ಕುಡಿದ ಎಂದರ್ಥ. ನಮ್ಮ ಹತ್ತಿ, ಮೆಣಸಿನಕಾಯಿ ಬೆಳೆಯುವ ಹೊಲಗಳಲ್ಲಿ 'ಎಣ್ಣಿ ಹೊಡಿಯೋದು' ಎಂದರೆ ಬೆಳೆಗೆ ಕೀಟನಾಶಕ ಸಿಂಪಡಿಸುವುದು. "ಸಿಟ್ಟಿಲೆ ಎಣ್ಣಿ ಕುಡಿಯಾಕ ಹೋಗಿದ್ನಿರಿ" ಎಂಬ ಮಾತನ್ನು ಕುಡಿತದ ಚಟವೆಂದು ಬರೆದುಕೊಂಡರೆ ಒಂದು ಆತ್ಮಹತ್ಯೆಯ ಪ್ರಯತ್ನವೇ ದಾಖಲೆಯಿಂದ ಜಾರಿಹೋಗುತ್ತದೆ.

ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಪ್ರತಿ ವಿದ್ಯಾರ್ಥಿಯಲ್ಲೂ ಇರುತ್ತದೆ. ಹಾಗಾಗುವುದಿಲ್ಲ, ಕೇಳಿದಾಗ ಹೆಚ್ಚಿನವರಿಗೆ ಹಗುರವಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕೇಳುವುದನ್ನು ಬಾಯಿಗೆ ಬರುವಷ್ಟು ಸಲ ಅಭ್ಯಾಸ ಮಾಡಿಸಿ: "ಭಾಳ ಬ್ಯಾಸರಾಗೇತೇನ್ರಿ? ಈ ಜೀವಾನ ಬ್ಯಾಡ ಅನಸ್ತೈತೇನ್ರಿ? ಜೀವಕ್ಕ ಏನರ ಮಾಡ್ಕೋಬೇಕು ಅಂತ ಮನಸಿನ್ಯಾಗ ಬಂದೈತೇನ್ರಿ? ಹ್ಯಾಂಗ ಅಂತ ವಿಚಾರ ಮಾಡೀರೇನ್ರಿ?" ವಯಸ್ಸಾದ ಹೆಣ್ಣುಮಗಳಿಗೆ 'ಅವ್ವಾರ', ನಡುವಯಸ್ಸಿನವರಿಗೆ 'ಅಕ್ಕಾರ', 'ಅಣ್ಣಾರ' ಎಂದು ಸೇರಿಸಿ ಕೇಳಿದರೆ ಇಂಥ ಪ್ರಶ್ನೆಯೂ ಮನೆಯವರು ಕೇಳಿದಂತೆ ಕೇಳಿಸುತ್ತದೆ. ಹೌದೆಂದವರ ಮನೆಯಲ್ಲಿ ಕೀಟನಾಶಕವೂ ಗುಳಿಗೆಗಳೂ ಎಲ್ಲಿವೆ, ಅವನ್ನು ಯಾರು ಬೇರೆಡೆ ಬೀಗ ಹಾಕಿ ಇಡಬಲ್ಲರು ಎಂಬುದನ್ನು ಹಿರಿಯ ವೈದ್ಯರು ಅಂದೇ ಇತ್ಯರ್ಥ ಮಾಡುವುದನ್ನು ವಿದ್ಯಾರ್ಥಿ ಕೇಳಿಸಿಕೊಳ್ಳಲಿ. ಅದೇ ಕಾಯ್ದೆಯ 115ನೆಯ ಕಲಮು, ಬೇರೆಯಾಗಿ ಸಾಬೀತಾಗದ ಹೊರತು ಆತ್ಮಹತ್ಯೆಗೆ ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು ಎನ್ನುತ್ತದೆ ಎಂಬುದನ್ನೂ ಇದೇ ಸಂದರ್ಭದಲ್ಲಿ ತಿಳಿಸಿ.

ಹಂತ 4: ಮುಖ ಕಾಣದಾಗ ಮಾನಸಿಕ ಸ್ಥಿತಿಯ ಪರೀಕ್ಷೆ

ಫೋನಿನಲ್ಲಿ ವೇಷಭೂಷಣ, ನಡಿಗೆ, ಕಣ್ಣೋಟ ಕಾಣುವುದಿಲ್ಲ. ಆದರೆ ಮಾತಿನ ವೇಗ, ದನಿಯ ಏರಿಳಿತ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ, ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುವುದು, ಇವೆಲ್ಲ ಎದುರಿಗಿದ್ದಾಗಿಗಿಂತ ಚೆನ್ನಾಗಿ ಕೇಳಿಸುತ್ತವೆ. 'ಉತ್ತರ ಬರಲು ಎಷ್ಟು ಸೆಕೆಂಡು ಹಿಡಿಯಿತು' ಎಂದು ಎಣಿಸುವ ಅಭ್ಯಾಸ ಮಾಡಿಸಿ. ನೋಡದೆ ಉಳಿದದ್ದನ್ನು ಊಹಿಸಿ ತುಂಬದೆ, 'ಪರೀಕ್ಷಿಸಲಾಗಲಿಲ್ಲ' ಎಂದು ಬರೆಯಲು ಹೇಳಿ. ಇದು ಪ್ರಾಮಾಣಿಕ ದಾಖಲೆಯ ಪಾಠವೂ ಹೌದು.

ಎದುರಿಗೆ ಸಿಕ್ಕಾಗಲೂ ಮಾಸ್ಕ್ ಅಡ್ಡ ಬರುತ್ತದೆ. ಹುಬ್ಬು, ಹಣೆ, ಕಣ್ಣಂಚು, ಕೈಗಳ ಚಲನೆಗಳನ್ನು ಗಮನಿಸಲು ಹೇಳಬೇಕು. ಕಿವಿ ಮಂದವಾದ ಹಿರಿಯರು ನಮ್ಮ ತುಟಿಯನ್ನು ನೋಡಿ ಮಾತು ಹಿಡಿಯುತ್ತಿದ್ದರೆಂಬುದು ಮಾಸ್ಕ್ ಬಂದ ಮೇಲೆಯೇ ಹಲವರಿಗೆ ತಿಳಿಯಿತು. ಅವರು ತಪ್ಪು ಉತ್ತರ ಕೊಟ್ಟರೆ ಮರೆವಿನ ಕಾಯಿಲೆ ಎನ್ನುವ ಮೊದಲು ಪ್ರಶ್ನೆ ಕೇಳಿಸಿತೇ ಎಂದು ಖಚಿತ ಮಾಡಿಕೊಳ್ಳಬೇಕು.

ಹಂತ 5: ಸಾಂಕ್ರಾಮಿಕವೇ ತಂದಿತ್ತ ಪಾಠಗಳನ್ನು ಬಳಸಿ

ಕಾಯಿಲೆಗಳ ಪಟ್ಟಿಯನ್ನು ಪುಸ್ತಕದ ಅನುಕ್ರಮದಲ್ಲಿ ಕಲಿಸುವ ಬದಲು ಆ ತಿಂಗಳುಗಳಲ್ಲಿ ಆಸ್ಪತ್ರೆಗೆ ಬಂದ ತೊಂದರೆಗಳಿಂದಲೇ ಆರಂಭಿಸಿ. ಮನೋವೈದ್ಯಕೀಯ ಬೇರೆ ವೈದ್ಯಶಾಸ್ತ್ರದಿಂದ ಪ್ರತ್ಯೇಕವೆಂಬ ತಪ್ಪು ಕಲ್ಪನೆ ಇಲ್ಲೇ ಕರಗುತ್ತದೆ.

ಕರ್ನಾಟಕದಲ್ಲಿ ಮದ್ಯದಂಗಡಿಗಳು ಮತ್ತೆ ತೆರೆದದ್ದು 2020ರ ಮೇ 4ರಂದು. ಅಲ್ಲಿಯವರೆಗಿನ ನಲವತ್ತು ದಿನಗಳಲ್ಲಿ, ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಬೇಕಾಯಿತು. ಕೊನೆಯ ಗುಟುಕಿನ ಕೆಲವು ಗಂಟೆಗಳಲ್ಲೇ ನಡುಕ, ಬೆವರು, ಆರರಿಂದ ನಲವತ್ತೆಂಟು ಗಂಟೆಗಳೊಳಗೆ ಫಿಟ್ಸ್, ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಸನ್ನಿ, ಹೀಗೆ ಗಂಟೆಗಳ ಲೆಕ್ಕದ ಒಂದು ಗೆರೆಯನ್ನು ವಿದ್ಯಾರ್ಥಿಯಿಂದಲೇ ಬರೆಸಿ. ಹತ್ತು ಅಂಶಗಳ, ಒಟ್ಟು 67 ಅಂಕಗಳ, ಕುಡಿತ ಬಿಟ್ಟಾಗಿನ ತೊಂದರೆಯ ತೀವ್ರತೆಯನ್ನು ಅಳೆಯುವ ಸಿಐಡಬ್ಲ್ಯುಎ-ಎಆರ್ ಮಾಪಕವನ್ನು ಪಾತ್ರಾಭಿನಯದಲ್ಲಿ ತುಂಬಿಸಿ. ಗ್ಲೂಕೋಸಿಗಿಂತ ಮೊದಲು ಥಯಾಮಿನ್ (ಬಿ1 ಜೀವಸತ್ವ) ಏಕೆ ಎಂಬ ಪ್ರಶ್ನೆಗೆ, ಅದರ ಕೊರತೆಯಿಂದ ಮಿದುಳಿಗಾಗುವ ಹಾನಿಯಾದ ವರ್ನಿಕೆ ಎನ್‌ಸೆಫಲೋಪಥಿಯ ತನಕ ಹೋಗಿ ಉತ್ತರ ಕೊಡಲಾಗದವರನ್ನು ಮುಂದಕ್ಕೆ ಬಿಡಬೇಡಿ.

ಕೋವಿಡ್ ವಾರ್ಡಿನ ಸನ್ನಿ ಎರಡನೆಯ ದೊಡ್ಡ ಪಾಠ. ಆಮ್ಲಜನಕದ ಕೊರತೆ, ಜ್ವರ, ಸೋಡಿಯಂ ಏರುಪೇರು, ನಿದ್ದೆಯಿಲ್ಲದ ರಾತ್ರಿಗಳು, ಪಿಪಿಇ ಒಳಗಿನ ಗುರುತು ಸಿಗದ ಮುಖಗಳು, ಮನೆಯವರ ಅಗಲಿಕೆ ಎಲ್ಲವೂ ಸೇರಿ ವಯಸ್ಸಾದವರಲ್ಲಿ ರಾತ್ರಿ ಹೊತ್ತಿನ ಗೊಂದಲವನ್ನು ತರುತ್ತಿದ್ದವು. ಕೂಗಾಡುವ ರೋಗಿಯನ್ನು ಎಲ್ಲರೂ ಗುರುತಿಸುತ್ತಾರೆ. ಮುದುಡಿ ಮಲಗಿದ, 'ತೊಂದರೆ ಕೊಡದ' ರೋಗಿಯೂ ಸನ್ನಿಯಲ್ಲಿರಬಹುದೆಂದು ಕಲಿಸುವುದು ಮುಖ್ಯ. ಡೆಕ್ಸಾಮೆಥಸೋನ್ ಪಡೆದವರಲ್ಲಿ ಉನ್ಮಾದವೋ ಅತಿಯಾದ ಸಂಶಯವೋ ಕಾಣಿಸಿಕೊಂಡರೆ ಸ್ಟಿರಾಯ್ಡಿನ ಪರಿಣಾಮವನ್ನು ನೆನೆಯಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್ ಅಥವಾ ಅಜಿತ್ರೊಮೈಸಿನ್ ಕೊಟ್ಟಿದ್ದ ರೋಗಿಗೆ ಕೂಗಾಟ ತಣಿಸುವ ಹ್ಯಾಲೊಪೆರಿಡಾಲ್ ಸೇರಿಸುವ ಮೊದಲು ಇಸಿಜಿಯಲ್ಲಿ, ಹೆಚ್ಚಾದರೆ ಹೃದಯದ ಲಯ ತಪ್ಪಬಹುದಾದ ಕ್ಯೂಟಿ ಅಂತರವನ್ನು ಏಕೆ ಅಳೆಯಬೇಕೆಂದು ವಿದ್ಯಾರ್ಥಿಯೇ ವಿವರಿಸಲಿ.

ಮನಸ್ಥಿತಿಯ ಏರಿಳಿತಕ್ಕೆ ಲಿಥಿಯಂ ತೆಗೆದುಕೊಳ್ಳುತ್ತಿರುವವರಿಗೆ ಜ್ವರ, ಭೇದಿ, ನೀರಿನಂಶದ ಕೊರತೆ, ಮೈಕೈ ನೋವಿಗೆಂದು ತಾವೇ ಕೊಂಡ ಐಬುಪ್ರೊಫೆನ್ ಇವೆಲ್ಲ ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತವೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೊಜಪಿನ್‌ದಂತೂ ನಾನು ತಪ್ಪದೆ ಕಲಿಸುವ ಉದಾಹರಣೆ. ತೀವ್ರ ಸೋಂಕಿನಲ್ಲಿ ಅದರ ಪ್ರಮಾಣ ರಕ್ತದಲ್ಲಿ ಏರುತ್ತದೆ. ಬೀಡಿ ಸಿಗದೆ ಒಮ್ಮೆಲೇ ನಿಂತರೂ ಏರುತ್ತದೆ, ಏಕೆಂದರೆ ಈ ಔಷಧಿಯನ್ನು ಯಕೃತ್ತಿನಲ್ಲಿ ಬೇಗ ಕರಗಿಸುವ ಕಿಣ್ವವನ್ನು ಚುರುಕುಗೊಳಿಸುವುದು ಹೊಗೆಯಲ್ಲಿನ ಅಂಶಗಳು, ನಿಕೋಟಿನ್ ಅಲ್ಲ. ಹಾಗಾಗಿ ಗುಟ್ಕಾ ತಿನ್ನುವವನಿಗೂ ಬೀಡಿ ಸೇದುವವನಿಗೂ ಇಲ್ಲಿ ವ್ಯತ್ಯಾಸವಿದೆ. 'ಚಟ ಇದೆಯೇ' ಎಂದಷ್ಟೇ ಕೇಳದೆ ಯಾವ ಚಟ, ಎಷ್ಟು, ಯಾವಾಗ ನಿಂತಿತು ಎಂದು ಕೇಳುವ ಕಾರಣ ವಿದ್ಯಾರ್ಥಿಗೆ ಹೀಗೆ ಮನದಟ್ಟಾಗುತ್ತದೆ.

ಸಾವಿನ ಸುದ್ದಿ ತಿಳಿಸುವುದು ಇನ್ನೊಂದು ಪಾಠ. ಮಣ್ಣಿಗೆ ಹೋಗಲಾಗದ, ಮುಖ ನೋಡಲಾಗದ ಕುಟುಂಬಗಳಿಗೆ ಇಂಟರ್ನ್‌ಗಳು ಫೋನಿನಲ್ಲೇ ಈ ಸುದ್ದಿ ಹೇಳಬೇಕಾಗುತ್ತಿತ್ತು. ಯಾರೊಡನೆ ಮಾತನಾಡುತ್ತಿದ್ದೇವೆ, ಅವರ ಜೊತೆ ಯಾರಿದ್ದಾರೆ ಎಂದು ಕೇಳಿಕೊಂಡು, 'ತೀರಿಕೊಂಡರು' ಎಂಬ ಪದವನ್ನು ಮರೆಮಾಚದೆ ಹೇಳಿ, ನಂತರ ಸುಮ್ಮನಿರುವುದನ್ನು ಅಭ್ಯಾಸ ಮಾಡಿಸಬೇಕು. ಆ ಮೌನವನ್ನು ತಡೆದುಕೊಳ್ಳುವುದೇ ಕಲಿಯುವವರಿಗೆ ಅತ್ಯಂತ ಕಷ್ಟದ ಭಾಗ.

ಹಂತ 6: ಪರದೆಯ ತರಗತಿಯನ್ನು ಚಿಕ್ಕದಾಗಿಡಿ

ನೂರೈವತ್ತು ಜನರ ಆನ್‌ಲೈನ್ ಉಪನ್ಯಾಸವನ್ನು ಇಪ್ಪತ್ತು ನಿಮಿಷದ ಧ್ವನಿಮುದ್ರಣವಾಗಿ ಮೊದಲೇ ಕಳಿಸಿಬಿಡಿ. ನೆಟ್‌ವರ್ಕ್ ಸಿಗಲೆಂದು ಮಾಳಿಗೆ ಹತ್ತಿ ಕೂರುವ ವಿದ್ಯಾರ್ಥಿಗೂ ಅದು ತಲುಪುತ್ತದೆ. ಉಳಿದ ಸಮಯವನ್ನು ಎಂಟೆಂಟು ಜನರ ಗುಂಪುಗಳಿಗೆ ಕೊಟ್ಟು, ಪಿಜಿಗಳು ರೋಗಿಯ ಪಾತ್ರ ವಹಿಸಲಿ. ನಿಜವಾದ ರೋಗಿಗಳ ವೀಡಿಯೊವನ್ನು ವಾಟ್ಸಾಪ್ ಗುಂಪಿಗೆ ಹಾಕುವುದನ್ನು, ಮುಖ ಮರೆಮಾಡಿದ್ದರೂ ಸರಿಯೆ, ಖಡಾಖಂಡಿತವಾಗಿ ನಿಷೇಧಿಸಿ.

ಹಂತ 7: ವಾರ್ಡಿಗೆ ಮರಳುವಾಗ

ಬಾಗಿಲು ತೆರೆದ ಕೂಡಲೇ ಮೂವತ್ತು ಜನರ ಬ್ಯಾಚು ಒಳಗೆ ನುಗ್ಗಬಾರದು. ನಾಲ್ವರು ಒಂದು ತಂಡ, ಗಾಳಿಯಾಡುವ ಜಾಗ, ಸಾಧ್ಯವಾದಲ್ಲಿ ಆವರಣದ ಮರದ ನೆರಳಿನಲ್ಲಿ ಅಂತರ ಬಿಟ್ಟು ಹಾಕಿದ ಕುರ್ಚಿಗಳು. ಒಬ್ಬ ರೋಗಿಯನ್ನು ನಾಲ್ಕು ತಂಡಗಳು ಒಂದೇ ದಿನ ಪ್ರಶ್ನಿಸಬಾರದು. ಮರಳಿದವರಿಗೆ ಮೊದಲು ತೋರಿಸಬೇಕಾದದ್ದು ಫೋನಿನಲ್ಲಿ ಸಿಗದೆ ಉಳಿದದ್ದನ್ನು: ಔಷಧಿಯಿಂದ ಬರುವ ಸ್ನಾಯುಗಳ ಬಿಗಿತ, ಕೈನಡುಕ, ಚಡಪಡಿಕೆ, ಕ್ಯಾಟಟೋನಿಯಾದಲ್ಲಿ ರೋಗಿ ಅಲುಗಾಡದೆ ಹಿಡಿದಿರುವ ಭಂಗಿ. ಬಿಗಿತವನ್ನು ಕೈ ಮುಟ್ಟಿ ನೋಡಿಯೇ ಕಲಿಯಬೇಕು.

ಹಂತ 8: ಪರೀಕ್ಷೆ

ಬಹು ಆಯ್ಕೆಯ ಪ್ರಶ್ನೆಗಳಿಂದ ಮಾತುಕತೆಯ ಕೌಶಲವನ್ನು ಅಳೆಯಲಾಗದು. ಒಬ್ಬ ಪರೀಕ್ಷಕರು, ಒಬ್ಬ ತರಬೇತಾದ ಪಾತ್ರಧಾರಿ, ಹತ್ತು ನಿಮಿಷದ ಫೋನ್ ಕರೆ ಇಷ್ಟಿದ್ದರೆ ಸಾಕು. ಗೌಪ್ಯತೆ ಖಚಿತಪಡಿಸಿಕೊಂಡನೇ, ಮಾತಿನ ನಡುವೆ ಬಾಯಿ ಹಾಕದೆ ಕೇಳಿದನೇ, ಆತ್ಮಹತ್ಯೆಯ ಪ್ರಶ್ನೆಯನ್ನು ತಪ್ಪಿಸದೆ ಕೇಳಿದನೇ, ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಂಡನೇ ಎಂಬುದಕ್ಕೆ ಅಂಕ ಕೊಡಿ. ಆರು ವಾರದ ಪುಟಗಳಿಗೂ ಅಷ್ಟೇ ತೂಕವಿರಲಿ.

ಹಂತ 9: ವಿದ್ಯಾರ್ಥಿಯ ಮನಸ್ಸು

ಸಾಂಕ್ರಾಮಿಕದ ಡ್ಯೂಟಿಯಲ್ಲಿರುವ ಇಂಟರ್ನ್‌ಗಳು, ಊರಿನಲ್ಲಿ ಸೋಂಕಿತ ತಂದೆತಾಯಿಯನ್ನು ಬಿಟ್ಟುಬಂದವರು, ಆತ್ಮಹತ್ಯೆಯ ಮಾತನ್ನು ಮೊದಲ ಸಲ ಕೇಳಿ ರಾತ್ರಿ ನಿದ್ದೆಗೆಟ್ಟವರು ನಮ್ಮ ಮುಂದೆಯೇ ಇರುತ್ತಾರೆ. ಪ್ರತಿ ಎಂಟು ವಿದ್ಯಾರ್ಥಿಗಳಿಗೆ ಒಬ್ಬ ಮಾರ್ಗದರ್ಶಕರಿರಲಿ, ಆ ಮಾರ್ಗದರ್ಶಕರು ಅವರ ಪರೀಕ್ಷಕರಾಗಿರಬಾರದು. ಖಿನ್ನತೆಯನ್ನು ಅಳೆಯುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ನ್ನು ಕಲಿಕೆಗಾಗಿ ತುಂಬಿಸುವುದಾದರೆ ಉತ್ತರಗಳನ್ನು ವಿಭಾಗ ಸಂಗ್ರಹಿಸಬಾರದು. 10 ಅಥವಾ ಹೆಚ್ಚು ಅಂಕ ಬಂದವರು ತಾವಾಗಿ ಯಾರನ್ನು ಕಾಣಬಹುದೆಂದು ಮೊದಲೇ ಹೇಳಿರಬೇಕು, ಮತ್ತು ಅದು ತಮ್ಮ ಕಾಲೇಜಿನ ಹೊರಗಿನ ಒಬ್ಬ ವೈದ್ಯರಾಗಿರುವುದು ಒಳಿತು. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ, ಮಾನಸಿಕ ಆರೋಗ್ಯಕ್ಕಾಗಿರುವ ಸರ್ಕಾರಿ ದೂರವಾಣಿ ಸೇವೆಯಾದ ಟೆಲಿ ಮಾನಸ್‌ನ 14416 ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಈ ಸಂಖ್ಯೆ ರೋಗಿಗೆ ಎಷ್ಟೋ ವಿದ್ಯಾರ್ಥಿಗೂ ಅಷ್ಟೇ ಎಂದು ತರಗತಿಯಲ್ಲಿ ಬಾಯಿಬಿಟ್ಟು ಹೇಳಿ.

ಹಂತ 10: ಸಂಬಂಧವನ್ನು ಮುಗಿಸುವುದು

ಆರು ವಾರ ಪ್ರತಿ ಗುರುವಾರ ಬಂದ ಕರೆ ಏಳನೆಯ ಗುರುವಾರ ಬಾರದಿದ್ದರೆ, ಒಂಟಿಯಾಗಿರುವ ರೋಗಿಗೆ ಅದು ಕೈಬಿಟ್ಟಂತೆ ಅನಿಸುತ್ತದೆ. ಆದ್ದರಿಂದ ನಾಲ್ಕನೆಯ ಕರೆಯಲ್ಲೇ, ಇನ್ನು ಎರಡು ಸಲ ಮಾತ್ರ ಮಾತನಾಡುತ್ತೇವೆ ಎಂದು ವಿದ್ಯಾರ್ಥಿ ತಿಳಿಸಬೇಕು. ಐದನೆಯದರಲ್ಲಿ ಮುಂದೆ ಗುಳಿಗೆ ಎಲ್ಲಿ ಸಿಗುತ್ತದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ರೋಗಿಯ ಬಾಯಿಂದಲೇ ಹೇಳಿಸಿ ಖಚಿತಪಡಿಸಿಕೊಳ್ಳಬೇಕು. ಕೊನೆಯ ಕರೆಯಲ್ಲಿ ಹಿರಿಯ ವೈದ್ಯರೂ ಮಾತನಾಡಿ ತಮ್ಮ ಹೆಸರು ಹೇಳಬೇಕು. ವಿದ್ಯಾರ್ಥಿ ತಾನು ಅವರಿಂದ ಏನು ಕಲಿತೆನೆಂದು ಒಂದೆರಡು ಮಾತಿನಲ್ಲಿ ಹೇಳಿ, ಅವರು ಮಾತು ಮುಗಿಸಿ ಫೋನ್ ಇಡುವವರೆಗೆ ಕಾಯಬೇಕು.